ಅಂಗೈಯಗಲದ ಪ್ರಯೋಗಶಾಲೆ

(ಬ್ಲಾಕಿನ ಕಾಫಿ ಬೆಳೆಗಾರರು ಮತ್ತು ಗದ್ದೆ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಈ ದಿನ ತಮ್ಮ ಮುಂದೆ ಒಂದು ಬಹು ಚಿಕ್ಕ ವಸ್ತುವಿನ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಅಂಚೆ ಚೀಟಿಯಷ್ಟು ಅಗಲದ ಒಂದು ಬಿಲ್ಲೆ. ಅದರೊಳಗೆ ಕೂದಲೆಳೆಯಷ್ಟು ಸಣ್ಣ ಕಾಲುವೆಗಳು. ಅದರ ಮೇಲೆ ರಕ್ತದ ಹನಿಯನ್ನೋ, ನೀರಿನ ಹನಿಯನ್ನೋ, ಮಣ್ಣನ್ನು ಕದಡಿ ಸೋಸಿದ ತಿಳಿಯ ಹನಿಯನ್ನೋ ಬಿಟ್ಟರೆ, ಅದರಲ್ಲಿ ಏನಿದೆ, ಎಷ್ಟಿದೆ ಎಂಬುದು ಕೆಲವೇ ನಿಮಿಷಗಳಲ್ಲಿ ತಿಳಿಯುತ್ತದೆ. ಇದಕ್ಕೆ ವಿಜ್ಞಾನಿಗಳು ‘ಲ್ಯಾಬ್ ಆನ್ ಎ ಚಿಪ್’ ಎಂದು ಹೆಸರಿಟ್ಟಿದ್ದಾರೆ. ಚಿಪ್ ಎಂದರೆ ತೆಂಗಿನ ಚಿಪ್ಪಲ್ಲ. ಸಿಲಿಕಾನ್, ಗಾಜು, ಪ್ಲಾಸ್ಟಿಕ್ ಅಥವಾ ಬರಿಯ ಕಾಗದದಿಂದ ಮಾಡಿದ ತೆಳು ಬಿಲ್ಲೆ.

ಇದು ಪಟ್ಟಣದ ವಿದ್ಯಾವಂತರ ವಿಷಯ, ತೋಟದವರಿಗೆ ಇದರಿಂದೇನು ಎಂದು ತಾವು ಕೇಳಬಹುದು. ಕಾರಣವಿದೆ. ನಮ್ಮ ಕೊಡಗಿನಲ್ಲಿ ಸುಣ್ಣಕ್ಕೆ, ಗೊಬ್ಬರಕ್ಕೆ, ಮದ್ದಿಗೆ ವರ್ಷ ವರ್ಷವೂ ದೊಡ್ಡ ಹಣ ಹೋಗುತ್ತದೆ. ಆ ಹಣವನ್ನು ಎಲ್ಲಿ ಹಾಕಬೇಕು, ಎಷ್ಟು ಹಾಕಬೇಕು ಎಂಬುದು ಮಣ್ಣಿನೊಳಗಿನ ಸಂಗತಿ, ಕಣ್ಣಿಗೆ ಕಾಣುವುದಿಲ್ಲ. ಪರೀಕ್ಷೆಯಿಂದ ತಿಳಿಯಬೇಕು. ಈಗ ಕೈಯಲ್ಲಿ ಹಿಡಿಯುವ ಪರೀಕ್ಷಾ ಯಂತ್ರಗಳನ್ನು ಮಾರುವವರು ಊರಿಗೇ ಬರುತ್ತಿದ್ದಾರೆ. ಮೊಬೈಲಿನಲ್ಲಿ ತರಿಸಿಕೊಳ್ಳುವವರೂ ಇದ್ದಾರೆ. ಇವುಗಳಲ್ಲಿ ಕೆಲವು ನಿಜಕ್ಕೂ ಉಪಕಾರಿ. ಕೆಲವು ಬರಿಯ ಆಟಿಕೆ. ಯಾವುದು ಯಾವುದೆಂದು ತಿಳಿಯಬೇಕಾದರೆ, ಅವು ಕೆಲಸ ಮಾಡುವ ಬಗೆಯನ್ನು ಸ್ವಲ್ಪವಾದರೂ ಅರಿತಿರಬೇಕು.

ತಮಗೆ ಆಗಲೇ ಪರಿಚಯವಿರುವ ಚಿಪ್

ನಮ್ಮಲ್ಲಿ ಅನೇಕರ ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದಾರೆ. ಅವರು ಬೆರಳನ್ನು ಚುಚ್ಚಿ, ಒಂದು ಪಟ್ಟಿಯ ತುದಿಗೆ ರಕ್ತ ಮುಟ್ಟಿಸಿ, ಸಣ್ಣ ಯಂತ್ರದಲ್ಲಿ ಅಂಕಿ ನೋಡುವುದನ್ನು ತಾವು ಕಂಡಿದ್ದೀರಿ. ಆ ಪಟ್ಟಿಯೇ ಈ ಸಂಸಾರದ ಅತ್ಯಂತ ಪ್ರಸಿದ್ಧ ಸದಸ್ಯ.

ಅದರೊಳಗೆ ನಡೆಯುವುದೇನು? ಪಟ್ಟಿಯ ತುದಿಯಲ್ಲಿ ಒಂದು ಕಿರಿದಾದ ಸಂದು ಇದೆ. ದೀಪದ ಬತ್ತಿಯು ಎಣ್ಣೆಯನ್ನು ಮೇಲಕ್ಕೆ ಎಳೆದುಕೊಳ್ಳುವಂತೆ, ಆ ಸಂದು ರಕ್ತವನ್ನು ತಾನೇ ಒಳಗೆ ಎಳೆದುಕೊಳ್ಳುತ್ತದೆ. ಪಂಪೂ ಬೇಡ, ಕೊಳವೆಯೂ ಬೇಡ. ಒಳಗೆ ಒಣಗಿಸಿ ಇಟ್ಟ ಒಂದು ಕಿಣ್ವವಿದೆ. ಹಾಲಿಗೆ ಹೆಪ್ಪು ಹಾಕಿದರೆ ಹೇಗೆ ಮೊಸರಾಗುವ ಕೆಲಸ ಮೊದಲಾಗುತ್ತದೆಯೋ, ಹಾಗೆ ಈ ಕಿಣ್ವವು ರಕ್ತದ ಗ್ಲೂಕೋಸನ್ನು ಮಾತ್ರ ಹಿಡಿದು ಬದಲಿಸುತ್ತದೆ. ಆ ಬದಲಾವಣೆಯಲ್ಲಿ ಅತಿ ಸೂಕ್ಷ್ಮವಾದ ವಿದ್ಯುತ್ ಹೊರಡುತ್ತದೆ. ಸಕ್ಕರೆ ಹೆಚ್ಚಾದರೆ ವಿದ್ಯುತ್ತೂ ಹೆಚ್ಚು. ಯಂತ್ರವು ಆ ವಿದ್ಯುತ್ತನ್ನು ಅಳೆದು ಅಂಕಿಯಾಗಿ ತೋರಿಸುತ್ತದೆ. ಈಗಿನ ಪಟ್ಟಿಗಳಿಗೆ ಒಂದು ಮೈಕ್ರೋಲೀಟರಿಗಿಂತ ಕಡಿಮೆ ರಕ್ತ ಸಾಕು. ಮೈಕ್ರೋಲೀಟರ್ ಎಂದರೆ ಲೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಸಾಮಾನ್ಯ ನೀರಿನ ಹನಿಯೊಂದರಲ್ಲಿ ಅಂಥವು ಸುಮಾರು ೫೦ ಇರುತ್ತವೆ.

ದ್ರವವನ್ನು ಒಳಗೆ ತರುವುದು, ಮದ್ದಿನೊಡನೆ ಬೆರೆಸುವುದು, ಬದಲಾವಣೆಯಾಗಲು ಬಿಡುವುದು, ಅಳೆಯುವುದು—ದೊಡ್ಡ ಪ್ರಯೋಗಶಾಲೆಯಲ್ಲಿ ನಾಲ್ಕು ಮೇಜುಗಳ ಮೇಲೆ ನಡೆಯುವ ಈ ಕೆಲಸಗಳೆಲ್ಲ ಇಲ್ಲಿ ಒಂದೇ ಪಟ್ಟಿಯಲ್ಲಿ ನಡೆದುಹೋಗುತ್ತವೆ. ಇದೇ ಈ ವಿದ್ಯೆಯ ತಿರುಳು.

ಚಿಕ್ಕದಾದರೆ ಏನು ಲಾಭ?

ಭಾಗಮಂಡಲದ ಸಂಗಮದಲ್ಲಿ ನೀರು ಸುಳಿ ಸುತ್ತಿ ಬೆರೆಯುವುದನ್ನು ತಾವು ನೋಡಿದ್ದೀರಿ. ಆದರೆ ಕೂದಲೆಳೆಯಂಥ ಕಾಲುವೆಯಲ್ಲಿ ನೀರಿಗೆ ಸುಳಿಯುವ ಶಕ್ತಿಯೇ ಇರುವುದಿಲ್ಲ. ಎರಡು ಧಾರೆಗಳನ್ನು ಜೊತೆಯಾಗಿ ಬಿಟ್ಟರೆ, ಗದ್ದೆಯ ಬದುವಿನ ಆಚೆ ಈಚೆ ನಡೆಯುವ ಇಬ್ಬರಂತೆ ಪಕ್ಕಪಕ್ಕದಲ್ಲೇ ಸಾಗುತ್ತವೆ. ಒಂದರಲ್ಲಿ ಕರಗಿರುವ ವಸ್ತು ಇನ್ನೊಂದಕ್ಕೆ ಮೆಲ್ಲಗೆ ಹರಡಿಕೊಂಡೇ ಹೋಗಬೇಕು.

ಹೀಗೆ ಹರಡುವುದಕ್ಕೆ ಒಂದು ಲೆಕ್ಕವಿದೆ. ದೂರ ಹತ್ತನೆಯ ಒಂದು ಪಾಲಾದರೆ, ಹಿಡಿಯುವ ಕಾಲ ನೂರನೆಯ ಒಂದು ಪಾಲಾಗುತ್ತದೆ. ಅಲುಗದ ನೀರಿನಲ್ಲಿ ಗ್ಲೂಕೋಸು ಒಂದು ಮಿಲಿಮೀಟರ್ ದೂರ ಹರಡಲು ಹತ್ತು ನಿಮಿಷಕ್ಕೂ ಹೆಚ್ಚು ಕಾಲ ಬೇಕು. ಮಿಲಿಮೀಟರಿನ ಹತ್ತನೆಯ ಒಂದು ಪಾಲು ಹರಡಲು ಏಳೆಂಟು ಸೆಕೆಂಡು ಸಾಕು. ಆದಕಾರಣ ಚಿಕ್ಕ ಕಾಲುವೆಯಲ್ಲಿ ಕೆಲಸ ಬೇಗ ಮುಗಿಯುತ್ತದೆ. ಮದ್ದೂ ಕಡಿಮೆ ಖರ್ಚಾಗುತ್ತದೆ, ಯಂತ್ರವನ್ನು ಜೇಬಿನಲ್ಲಿ ಒಯ್ಯಬಹುದು, ಒಂದೇ ಬಿಲ್ಲೆಯಲ್ಲಿ ಹಲವು ಕಾಲುವೆ ತೋಡಿ ಹಲವು ಪರೀಕ್ಷೆಗಳನ್ನು ಒಟ್ಟಿಗೇ ನಡೆಸಬಹುದು.

ಇದು ಬೆಳೆದು ಬಂದ ದಾರಿ

ಈ ವಿದ್ಯೆ ಒಂದೇ ದಿನದಲ್ಲಿ ಬಂದುದಲ್ಲ. ೧೯೭೦ರಲ್ಲಿ ನೆದರ್‌ಲ್ಯಾಂಡ್ಸಿನ ಪೀಟ್ ಬೆರ್ಗ್‌ವೆಲ್ಡ್ ಎಂಬವರು, ರೇಡಿಯೋದಲ್ಲಿ ಬಳಸುವ ಟ್ರಾನ್ಸಿಸ್ಟರಿನ ಜಾತಿಯ ಒಂದು ಸಿಲಿಕಾನ್ ತುಂಡು ದ್ರವದ ಹುಳಿಯನ್ನು ಅಳೆಯುವಂತೆ ಮಾಡಿದರು. ಗಾಜಿನ ಬುರುಡೆಯಿಲ್ಲದ ಕೈಮೀಟರುಗಳು ಹುಟ್ಟಿದ್ದು ಆ ತತ್ತ್ವದಿಂದಲೇ. ೧೯೭೯ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು, ಅನಿಲಗಳನ್ನು ಬೇರ್ಪಡಿಸುವ ದೊಡ್ಡ ಯಂತ್ರವೊಂದನ್ನು ಅಂಗೈಗಿಂತ ಚಿಕ್ಕದಾದ ಸಿಲಿಕಾನ್ ಬಿಲ್ಲೆಯ ಮೇಲೆ ಕೂರಿಸಿದರು. ಒಂದೂವರೆ ಮೀಟರ್ ಉದ್ದದ ಕಾಲುವೆಯನ್ನು ಚಕ್ಕುಲಿಯಂತೆ ಸುತ್ತಿ ಅದರಲ್ಲಿ ಕೊರೆದಿದ್ದರು. ೧೯೯೦ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಆಂಡ್ರಿಯಾಸ್ ಮಾಂಟ್ಸ್ ಮತ್ತು ಸಂಗಡಿಗರು, ರಾಸಾಯನಿಕ ಪರೀಕ್ಷೆಯ ಎಲ್ಲ ಹಂತಗಳನ್ನೂ ಒಂದೇ ಪುಟ್ಟ ಏರ್ಪಾಟಿನೊಳಗೆ ತರಬಹುದೆಂದು ಲೆಕ್ಕ ಸಮೇತ ಬರೆದು ತೋರಿಸಿದರು. ಅಲ್ಲಿಂದ ಮುಂದೆ ಇದು ಒಂದು ಶಾಸ್ತ್ರವಾಗಿಯೇ ಬೆಳೆಯಿತು.

ಬಡ ದೇಶಗಳಿಗೆ ಬಹು ಮುಖ್ಯವಾದ ಹೆಜ್ಜೆ ೨೦೦೭ರದು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಜಾರ್ಜ್ ವೈಟ್‌ಸೈಡ್ಸ್ ಅವರ ತಂಡವು ಸಿಲಿಕಾನನ್ನೂ ಗಾಜನ್ನೂ ಬದಿಗಿಟ್ಟು, ಸೋಸುವ ಕಾಗದವನ್ನು ತೆಗೆದುಕೊಂಡಿತು. ಅದರಲ್ಲಿ ನೀರು ದಾಟದ ಗೋಡೆಗಳನ್ನು ಎಳೆದು, ನಡುವೆ ಕಾಲುವೆಗಳನ್ನು ಉಳಿಸಿದರು. ೫ ಮೈಕ್ರೋಲೀಟರ್ ದ್ರವ ಮುಟ್ಟಿಸಿದರೆ ಅದು ಕವಲೊಡೆದು ಹರಿದು, ಒಂದು ಕವಲಿನಲ್ಲಿ ಗ್ಲೂಕೋಸನ್ನೂ ಇನ್ನೊಂದರಲ್ಲಿ ಪ್ರೋಟೀನನ್ನೂ ಬಣ್ಣದಿಂದ ತೋರಿಸಿತು. ನಮ್ಮ ಗದ್ದೆಗಳಲ್ಲಿ ಬದು ಕಟ್ಟಿ ಮಡಿಯಿಂದ ಮಡಿಗೆ ನೀರು ಹಾಯಿಸುವ ಕ್ರಮವೇ ಇದು. ಬದು ಮಾತ್ರ ಮಣ್ಣಿನದಲ್ಲ.

ನಮ್ಮ ಬೆಂಗಳೂರಿನಲ್ಲಿ

ಈ ಕೆಲಸ ಹೊರದೇಶದಲ್ಲಿ ಮಾತ್ರ ನಡೆಯುತ್ತಿದೆಯೆಂದು ತಿಳಿಯಬೇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅತಿಸೂಕ್ಷ್ಮ ವಿಜ್ಞಾನ ಮತ್ತು ಎಂಜಿನಿಯರಿಂಗಿಗೆಂದೇ ಒಂದು ಕೇಂದ್ರವಿದೆ. ಧೂಳಿನ ಕಣವೂ ನುಸುಳದಂತೆ ಗಾಳಿಯನ್ನು ಸೋಸಿ ಬಿಡುವ ಕೋಣೆಗಳಲ್ಲಿ ಅಲ್ಲಿ ಸಿಲಿಕಾನ್ ಬಿಲ್ಲೆಗಳ ಮೇಲೆ ಕೆಲಸ ಮಾಡುತ್ತಾರೆ. ಅಲ್ಲಿನ ಪ್ರಾಧ್ಯಾಪಕ ನವಕಾಂತ ಭಟ್ಟರು ಅನಿಲವನ್ನೂ ಜೀವರಸಗಳನ್ನೂ ಗುರುತಿಸುವ ಸಂವೇದಕಗಳ ಮೇಲೆ ಮಾಡಿದ ಕೆಲಸಕ್ಕಾಗಿ ೨೦೧೮ರ ಇನ್ಫೋಸಿಸ್ ಪ್ರಶಸ್ತಿ ಪಡೆದರು. ಆ ಸಂಶೋಧನೆಯಿಂದಲೇ ಪಾಥ್‌ಶೋಧ್ ಎಂಬ ಕಂಪೆನಿಯೂ ಹುಟ್ಟಿತು. ಅವರು ಮಾಡಿದ ಕೈಯಂತ್ರವು ಒಂದು ಸಕ್ಕರೆಯನ್ನು ಮಾತ್ರ ನೋಡುವುದಲ್ಲ. ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಸೂಚಿಸುವ ಎಚ್‌ಬಿಎ೧ಸಿ, ರಕ್ತದ ಹಿಮೋಗ್ಲೋಬಿನ್, ಮೂತ್ರಪಿಂಡ ಕೆಡುತ್ತಿರುವುದನ್ನು ತಿಳಿಸುವ ಮೂತ್ರದ ಆಲ್ಬುಮಿನ್ ಮುಂತಾದವನ್ನೂ ಬಿಸಾಡಬಹುದಾದ ಪಟ್ಟಿಗಳ ಮೇಲೆ ಅಳೆಯುತ್ತದೆ. ೨೦೨೧ರಲ್ಲಿ ಅದೇ ತತ್ತ್ವದಿಂದ ಕೋವಿಡ್ ರೋಗದ ಪ್ರತಿಕಾಯಗಳನ್ನು ಅಳೆಯುವ ಪಟ್ಟಿಯನ್ನೂ ತಂದರು.

ಲೈನ್‌ಮನೆಗಳಲ್ಲಿ ಇರುವ ಹೆಂಗಸರಲ್ಲಿ ರಕ್ತಹೀನತೆ ಇದೆಯೇ, ಮನೆಯ ಹಿರಿಯರ ಮೂತ್ರಪಿಂಡ ಸರಿಯಾಗಿದೆಯೇ ಎಂದು ತಿಳಿಯಲು ಒಂದು ದಿನದ ಕೂಲಿ ಬಿಟ್ಟು ಮಡಿಕೇರಿಗೋ ಮೈಸೂರಿಗೋ ಹೋಗಬೇಕಾದ ಜನಕ್ಕೆ, ಇಂಥ ಯಂತ್ರ ಊರಿನ ಆರೋಗ್ಯ ಕೇಂದ್ರದಲ್ಲಿದ್ದರೆ ಎಷ್ಟು ಅನುಕೂಲವೆಂದು ತಾವೇ ಯೋಚಿಸಿ.

ಮಣ್ಣಿನ ವಿಷಯ ಬೇರೆ

ಇಷ್ಟೆಲ್ಲ ಆದಮೇಲೆ, ರಕ್ತದಂತೆಯೇ ಮಣ್ಣನ್ನೂ ಒಂದು ಹನಿಯಲ್ಲಿ ನೋಡಿಬಿಡಬಹುದಲ್ಲ ಎನಿಸುವುದು ಸಹಜ. ಇಲ್ಲಿಯೇ ನಾವು ಎಚ್ಚರಿಕೆಯಿಂದಿರಬೇಕು.

ರಕ್ತವು ಶರೀರದಲ್ಲೆಲ್ಲ ಸುತ್ತುತ್ತದೆ. ಹೃದಯವೇ ಅದನ್ನು ಕಲಸಿಕೊಡುತ್ತದೆ. ಆದ್ದರಿಂದ ಬೆರಳ ತುದಿಯ ಹನಿ ಇಡೀ ಶರೀರದ ಪರವಾಗಿ ಮಾತನಾಡಬಲ್ಲದು. ತೋಟದ ಮಣ್ಣನ್ನು ಕಲಸುವವರು ಯಾರು? ಯಾರೂ ಇಲ್ಲ. ಮೇಲಿನ ಬಾಣೆಯ ಮಣ್ಣು ಒಂದು ಬಗೆ, ಇಳಿಜಾರಿನದು ಇನ್ನೊಂದು ಬಗೆ, ಗದ್ದೆಯ ಅಂಚಿನದು ಮತ್ತೊಂದು. ಒಂದೇ ಗಿಡದ ಬುಡದಲ್ಲಿ ಗೊಬ್ಬರ ಬಿದ್ದ ಕಡೆಗೂ ಬೀಳದ ಕಡೆಗೂ ಹೋಲಿಕೆಯಿರುವುದಿಲ್ಲ.

ಒಂದು ಎಕರೆಯ ಮೇಲಿನ ಆರಂಗುಲದ ಮಣ್ಣು ಸುಮಾರು ೯ ಲಕ್ಷ ಕಿಲೋ ತೂಗುತ್ತದೆ. ೨೦೨೧ರಲ್ಲಿ ಕಾನ್ಪುರದ ಐಐಟಿಯವರು ಬೆಳಕಿನ ಕಿರಣದಿಂದ ಮಣ್ಣನ್ನು ನೋಡುವ ಒಂದು ಕೈಯಂತ್ರವನ್ನು ಹೊರತಂದರು. ಅದಕ್ಕೆ ೫ ಗ್ರಾಂ ಮಣ್ಣು ಸಾಕು, ೯೦ ಸೆಕೆಂಡಿನಲ್ಲಿ ಉತ್ತರ ಬರುತ್ತದೆ. ಒಳ್ಳೆಯ ಕೆಲಸವೇ. ಆದರೆ ೯ ಲಕ್ಷ ಕಿಲೋವಿನಲ್ಲಿ ೫ ಗ್ರಾಂ ಎಂದರೆ ೧೮ ಕೋಟಿಯಲ್ಲಿ ಒಂದು ಪಾಲು. ಚಿಪ್ಪಿನ ಕಾಲುವೆಗೆ ಹೋಗುವುದು ಅದಕ್ಕಿಂತಲೂ ಬಹಳ ಕಡಿಮೆ. ಆ ಒಂದು ಪಾಲು ತೋಟದ ನಿಜವನ್ನು ಹೇಳಬೇಕಾದರೆ, ಅದನ್ನು ಆರಿಸುವ ಕೈ ಪ್ರಾಮಾಣಿಕವಾಗಿರಬೇಕು. ಯಂತ್ರ ಚಿಕ್ಕದಾದಷ್ಟೂ ಮಾದರಿ ತೆಗೆಯುವವನ ಹೊಣೆ ದೊಡ್ಡದಾಗುತ್ತದೆ. ಈ ಭಾಷಣದಲ್ಲಿ ಬೇರೆಲ್ಲವನ್ನೂ ಮರೆತರೂ ಈ ಒಂದು ಮಾತನ್ನು ಮರೆಯಬೇಡಿ.

ಮಾದರಿ ತೆಗೆಯುವ ಕ್ರಮ ಹೀಗೆ. ಇಳಿಜಾರು, ಬಣ್ಣ, ಗಿಡಗಳ ವಯಸ್ಸು ಇವನ್ನು ನೋಡಿ ತೋಟವನ್ನು ಭಾಗಗಳಾಗಿ ವಿಂಗಡಿಸಿ. ಒಂದೊಂದು ಭಾಗದಲ್ಲೂ ಹತ್ತು ಹದಿನೈದು ಕಡೆ, ಮೇಲಿನ ದರಗನ್ನು ಸರಿಸಿ, ಸುಮಾರು ಒಂಬತ್ತು ಅಂಗುಲ ಆಳಕ್ಕೆ ಗುಂಡಿ ತೋಡಿ, ಬದಿಯಿಂದ ಮೇಲಿನಿಂದ ಕೆಳಗಿನವರೆಗೂ ಒಂದೇ ದಪ್ಪದ ಹೆಂಟೆ ತೆಗೆಯಿರಿ. ದಾರಿ, ಗೊಬ್ಬರದ ಗುಂಡಿ, ದೊಡ್ಡ ಮರದ ಬುಡ, ನೀರು ನಿಲ್ಲುವ ಸ್ಥಳ ಇವುಗಳ ಹತ್ತಿರ ತೆಗೆಯಬೇಡಿ. ಸುಣ್ಣ ಅಥವಾ ಗೊಬ್ಬರ ಹಾಕಿ ಎರಡು ಮೂರು ತಿಂಗಳಾದರೂ ಕಳೆದಿರಲಿ. ಎಲ್ಲವನ್ನೂ ಶುಭ್ರವಾದ ಹಾಳೆಯ ಮೇಲೆ ಸುರಿದು, ಕಲ್ಲು ಬೇರು ಆರಿಸಿ, ಚೆನ್ನಾಗಿ ಬೆರೆಸಿ, ನಾಲ್ಕು ಪಾಲು ಮಾಡಿ, ಎದುರು ಬದುರಿನ ಎರಡು ಪಾಲು ಬಿಸಾಡಿ. ಅರ್ಧ ಕಿಲೋ ಉಳಿಯುವವರೆಗೆ ಹೀಗೆಯೇ ಮಾಡಿ, ನೆರಳಿನಲ್ಲಿ ಒಣಗಿಸಿ. ಹೃದಯವು ರಕ್ತಕ್ಕೆ ಮಾಡುವ ಕೆಲಸವನ್ನು ಮಣ್ಣಿಗೆ ತಮ್ಮ ಕೈ ಮಾಡಬೇಕು.

ಹುಳಿಯ ಅಂಕಿ ಮತ್ತು ಸುಣ್ಣದ ಮೂಟೆ

ಕಕ್ಕಡದ ಮಳೆ ನಮ್ಮ ಮಣ್ಣಿನಿಂದ ಸುಣ್ಣದ ಅಂಶವನ್ನು ವರ್ಷ ವರ್ಷವೂ ತೊಳೆದೊಯ್ಯುತ್ತದೆ. ಆದ್ದರಿಂದ ಕೊಡಗಿನ ಮಣ್ಣಿಗೆ ಹುಳಿ ಸಹಜ. ಇದನ್ನು ಪಿಎಚ್ ಎಂಬ ಅಂಕಿಯಲ್ಲಿ ಹೇಳುತ್ತಾರೆ. ೭ ಎಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಅಂಕಿ ಕೆಳಗಿಳಿದಂತೆ ಹುಳಿ ಹೆಚ್ಚು. ೬ರಿಂದ ೫ಕ್ಕೆ ಇಳಿದರೆ ಹುಳಿ ಹತ್ತು ಪಟ್ಟು. ೪ಕ್ಕೆ ಇಳಿದರೆ ನೂರು ಪಟ್ಟು. ಕಾಫಿಗೆ ೬ರಿಂದ ೬.೫ ಹಿತವಾದುದು. ಹುಳಿ ಮೀರಿದಾಗ ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶಗಳು ರಂಜಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಆಗ ಹಣ ಕೊಟ್ಟು ಹಾಕಿದ ಗೊಬ್ಬರವೂ ಗಿಡಕ್ಕೆ ದಕ್ಕುವುದಿಲ್ಲ.

ಈ ಹುಳಿಯನ್ನು ಅಳೆಯಲು ಕೈಮೀಟರು ಒಳ್ಳೆಯ ಸಾಧನ. ಬೆಲೆಗೆ ತಕ್ಕ ಕೆಲಸ ಮಾಡುತ್ತದೆ, ತೋಟದ ಯಾವ ಭಾಗ ಹೆಚ್ಚು ಹುಳಿ ಎಂದು ಅರ್ಧ ದಿನದಲ್ಲಿ ತಿಳಿಸುತ್ತದೆ. ಆದರೆ ಆ ಅಂಕಿಯೊಂದನ್ನೇ ನೋಡಿ ಸುಣ್ಣದ ಮೂಟೆ ಎಣಿಸಬಾರದು. ಏಕೆಂದರೆ ಮೀಟರು ನೋಡುವುದು ನೀರಿಗೆ ಬಂದ ಹುಳಿಯನ್ನು ಮಾತ್ರ. ಜೇಡಿಯಲ್ಲೂ ಸಾವಯವ ಅಂಶದಲ್ಲೂ ಅಡಗಿ ಕುಳಿತ ಹುಳಿ ಬೇರೆಯೇ ಇದೆ. ಎರಡು ತೋಟಗಳ ಅಂಕಿ ಒಂದೇ ಆಗಿದ್ದರೂ, ಮರಳು ಮಣ್ಣಿಗೆ ಕಡಿಮೆ ಸುಣ್ಣ ಸಾಕು, ಜೇಡಿ ಮತ್ತು ಗೊಬ್ಬರದ ಅಂಶವಿರುವ ಮಣ್ಣಿಗೆ ಹೆಚ್ಚು ಬೇಕು. ಎಕರೆಗೆ ಎಷ್ಟು ಎಂಬುದನ್ನು ಪ್ರಯೋಗಶಾಲೆಯೇ ಹೇಳಬೇಕು. ನೆರೆಮನೆಯವರ ಲೆಕ್ಕ ತಮ್ಮ ತೋಟಕ್ಕೆ ಸಲ್ಲದು.

ಸಾರಜನಕ, ರಂಜಕ, ಪೊಟ್ಯಾಷ್‌ಗಳ ವಿಷಯ ಇನ್ನೂ ಸೂಕ್ಷ್ಮ. ಇವು ಮಣ್ಣಿನ ಕಣಗಳಿಗೆ ಅಂಟಿಕೊಂಡಿರುತ್ತವೆ. ಗಿಡಕ್ಕೆ ದೊರೆಯುವಷ್ಟು ಭಾಗವನ್ನು ಮೊದಲು ತಕ್ಕ ದ್ರಾವಣದಿಂದ ಬಿಡಿಸಿ ತೆಗೆಯಬೇಕು. ಹುಳಿ ಮಣ್ಣಿನ ರಂಜಕಕ್ಕೆ ಒಂದು ದ್ರಾವಣ, ಕ್ಷಾರ ಮಣ್ಣಿಗೆ ಬೇರೆ ದ್ರಾವಣ. ಬಿಡಿಸಿದ ಮೇಲೆಯೇ ಚಿಪ್ಪಿಗೆ ಕೆಲಸ. ಹೀಗಿರುವಾಗ, ಮಣ್ಣಿಗೆ ಮೂರು ಕಡ್ಡಿ ಚುಚ್ಚಿದ ಕೂಡಲೇ ಮೂರು ಪೋಷಕಗಳ ಅಂಕಿ ತೋರಿಸುತ್ತೇನೆ ಎನ್ನುವ ಅಗ್ಗದ ಯಂತ್ರವನ್ನು ಹೇಗೆ ನಂಬುವುದು? ಅಂಥ ಹಲವು ಕಡ್ಡಿಗಳು ನಿಜವಾಗಿ ಅಳೆಯುವುದು ಮಣ್ಣಿನಲ್ಲಿ ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದನ್ನು. ಅದರಿಂದ ಊಹೆ ಮಾಡಿ ಉಳಿದ ಅಂಕಿಗಳನ್ನು ತೋರಿಸುತ್ತವೆ. ಮಳೆ ಬಿದ್ದ ಮರುದಿನ ಚುಚ್ಚಿದರೆ ಒಂದು ಅಂಕಿ, ಬಿಸಿಲಿನಲ್ಲಿ ಒಣಗಿದ ಮೇಲೆ ಇನ್ನೊಂದು.

ಒಂದು ಹನಿಯಿಂದ ತಿಳಿಯದ ಸಂಗತಿ

ಬಾವಿಯ ನೀರಿನ ವಿಷಯದಲ್ಲಿಯೂ ಇದೇ ವಿವೇಕ ಬೇಕು. ೨೦೧೮ರ ಆಗಸ್ಟಿನ ಮಹಾಮಳೆಯಲ್ಲಿ ಬೆಟ್ಟಗಳು ಜರಿದು, ಎಷ್ಟೋ ಕಡೆ ಜಲಮೂಲಗಳು ಕೆಸರಾದುದನ್ನು ನಾವು ಮರೆಯುವಂತಿಲ್ಲ. ಅಂಥ ಸಮಯದಲ್ಲಿ ಈ ನೀರು ಕುಡಿಯಬಹುದೇ ಎಂಬ ಪ್ರಶ್ನೆಗೆ ಬೇಗ ಉತ್ತರ ಬೇಕಾಗುತ್ತದೆ.

ನೀರಿನಲ್ಲಿ ಕರಗಿದ ವಸ್ತುಗಳು, ಅಂದರೆ ಕಬ್ಬಿಣ, ನೈಟ್ರೇಟ್, ಫ್ಲೋರೈಡ್ ಮೊದಲಾದವು, ಎಲ್ಲ ಹನಿಯಲ್ಲೂ ಒಂದೇ ಸಮನಾಗಿರುತ್ತವೆ. ಅವನ್ನು ಪಟ್ಟಿಯಿಂದ ನೋಡಬಹುದು. ರೋಗಾಣುವಿನ ಮಾತು ಹಾಗಲ್ಲ. ನಮ್ಮ ದೇಶದ ಮಾನದಂಡದ ಪ್ರಕಾರ, ಕುಡಿಯುವ ನೀರಿನ ೧೦೦ ಮಿಲಿಲೀಟರಿನಲ್ಲಿ ಮಲದ ಗುರುತಾದ ಇ. ಕೋಲಿ ಎಂಬ ಅಣು ಒಂದೂ ಇರಬಾರದು. ೧೦೦ ಮಿಲಿಲೀಟರ್ ಎಂದರೆ ಒಂದು ಲಕ್ಷ ಮೈಕ್ರೋಲೀಟರ್. ಅಷ್ಟು ನೀರಿನಲ್ಲಿ ಒಂದೇ ಅಣು ಇದ್ದರೆ, ಒಂದು ಮೈಕ್ರೋಲೀಟರ್ ಹಿಡಿಯುವ ಚಿಪ್ಪಿಗೆ ಅದು ಸಿಗುವ ಸಂಭವ ಲಕ್ಷದಲ್ಲಿ ಒಂದು. ಮೊದಲು ಹೆಚ್ಚು ನೀರನ್ನು ಸೋಸಿ ಅಣುಗಳನ್ನು ಒಟ್ಟುಗೂಡಿಸಬೇಕು, ಅಥವಾ ಅವನ್ನು ಬೆಳೆಯಲು ಬಿಟ್ಟು ನೋಡಬೇಕು. ಬೆಳೆಸಲು ಒಂದು ದಿನದಷ್ಟು ಕಾಲ ಹಿಡಿಯುತ್ತದೆ. ಅಲ್ಲಿಯವರೆಗೆ ನೀರನ್ನು ಮರಳಿಸಿ ಕುಡಿಯುವುದೇ ಕ್ಷೇಮ. ಒಂದು ಹನಿ ನೋಡಿ ನೀರು ಶುದ್ಧವೆಂದು ಹೇಳುವ ಯಂತ್ರ ಬಂದರೆ ಅದನ್ನು ನಂಬಿ ಮಕ್ಕಳಿಗೆ ನೀರು ಕೊಡಬೇಡಿ.

ಕಣದಲ್ಲಿ ಹರವಿದ ಕಾಫಿಗೂ ಇದೇ ಮಾತು. ಕೊಯ್ಲಿನ ಕಾಲದಲ್ಲಿ ಅಕಾಲ ಮಳೆ ಬಂದು ಕಾಫಿ ನೆನೆದರೆ ಬೂಷ್ಟು ಹಿಡಿಯುತ್ತದೆ. ಕೆಲವು ಬೂಷ್ಟುಗಳು ಆಕ್ರಟಾಕ್ಸಿನ್ ಎಂಬ ವಿಷವನ್ನು ಮಾಡುತ್ತವೆ. ಯೂರೋಪಿನ ದೇಶಗಳು ಹುರಿದ ಕಾಫಿಗೆ ಇದರ ಮಿತಿಯನ್ನು ಕಿಲೋಗೆ ೫ ಮೈಕ್ರೋಗ್ರಾಂ ಎಂದು ಇಟ್ಟಿದ್ದವು. ೨೦೨೩ರಿಂದ ೩ಕ್ಕೆ ಇಳಿಸಿವೆ. ಅದು ಸಾವಿರ ಟನ್ನಿನಲ್ಲಿ ಮೂರು ಗ್ರಾಂ ಇದ್ದಂತೆ. ಇಷ್ಟು ಕಡಿಮೆ ವಿಷವನ್ನೂ ಹಿಡಿಯಬಲ್ಲ ಪಟ್ಟಿಗಳು ಬಂದಿವೆ. ಆದರೆ ಬೂಷ್ಟು ಹಿಡಿಯುವುದು ರಾಶಿಯ ಒಂದು ಮೂಲೆಯಲ್ಲಿ. ಒಳ್ಳೆಯ ಮೂಲೆಯಿಂದ ಹಿಡಿ ಕಾಫಿ ತೆಗೆದು ನೋಡಿದರೆ ಪಟ್ಟಿ ಸುಳ್ಳು ಹೇಳಿದಂತಾಗುತ್ತದೆ, ತಪ್ಪು ಪಟ್ಟಿಯದಲ್ಲ. ಪರೀಕ್ಷೆಗಿಂತ ಮೊದಲು ಮಾಡಬೇಕಾದುದು ಹಳೆಯ ಬುದ್ಧಿವಂತಿಕೆಯೇ: ಹಣ್ಣನ್ನು ರಾಶಿ ಹಾಕಿ ಬಿಡಬೇಡಿ, ತೆಳುವಾಗಿ ಹರವಿ, ದಿನಕ್ಕೆ ಹಲವು ಬಾರಿ ಕೈಯಾಡಿಸಿ, ಸಂಜೆ ಹೊದಿಸಿ, ಸರಿಯಾಗಿ ಒಣಗಿಸಿ.

ಮಳೆನಾಡಿನಲ್ಲಿ ಜೋಪಾನ

ಪಟ್ಟಿಯೊಳಗಿನ ಕಿಣ್ವಕ್ಕೆ ತೇವವೇ ಶತ್ರು. ಮಳೆಗಾಲದಲ್ಲಿ ನಮ್ಮ ಮನೆಗಳ ಗೋಡೆಗೇ ಬೂಷ್ಟು ಬರುತ್ತದೆ. ಪಟ್ಟಿಯ ಡಬ್ಬಿಯನ್ನು ತೆರೆದಿಟ್ಟರೆ ಅದು ಕೆಡುವುದರಲ್ಲಿ ಆಶ್ಚರ್ಯವೇನು? ಒಂದು ಪಟ್ಟಿ ತೆಗೆದ ಕೂಡಲೇ ಮುಚ್ಚಳ ಬಿಗಿ ಮಾಡಿ. ಒಲೆಯ ಹತ್ತಿರವೂ ಬಿಸಿಲಿನಲ್ಲೂ ಇಡಬೇಡಿ. ಡಬ್ಬಿಯ ಮೇಲಿನ ಅವಧಿ ಮೀರಿದ್ದನ್ನು ಬಳಸಬೇಡಿ.

ರಕ್ತದ ಸಕ್ಕರೆ ನೋಡುವ ಮುನ್ನ ಕೈಯನ್ನು ಸೋಪು ನೀರಿನಿಂದ ತೊಳೆದು ಒರೆಸಿಕೊಳ್ಳಿ. ಕಿತ್ತಳೆ ಸುಲಿದ ಕೈಯಲ್ಲಿ ಹಣ್ಣಿನ ಸಕ್ಕರೆ ಉಳಿದಿರುತ್ತದೆ; ಕೈ ತೊಳೆಯದೆ ಬೆರಳು ಚುಚ್ಚಿದರೆ ಅಂಕಿ ಏರಿ ತೋರುತ್ತದೆ. ಹಾಗೆ ಬಂದ ಅಂಕಿಯನ್ನು ನಂಬಿ ಮದ್ದು ಹೆಚ್ಚು ಮಾಡಿಕೊಂಡರೆ ಪ್ರಾಣಕ್ಕೇ ಅಪಾಯ. ಹಾಗೆಯೇ ಹುಳಿಯ ಮೀಟರನ್ನು, ಅಂಕಿ ಗೊತ್ತಿರುವ ೪ ಮತ್ತು ೭ರ ದ್ರಾವಣಗಳಲ್ಲಿ ಆಗಾಗ ಸರಿನೋಡಬೇಕು. ತಕ್ಕಡಿಯನ್ನು ಸರಿನೋಡದೆ ಮೆಣಸು ತೂಗುವುದುಂಟೇ?

ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಗಳು

೧. ಈ ಯಂತ್ರ ನೇರವಾಗಿ ಅಳೆಯುವುದು ಯಾವುದನ್ನು, ಊಹಿಸಿ ಹೇಳುವುದು ಯಾವುದನ್ನು?

೨. ಕೊಡಗಿನಂಥ ಹುಳಿ ಮಣ್ಣಿನ ಮೇಲೆ ಇದನ್ನು ಪರೀಕ್ಷಿಸಿದ್ದಾರೆಯೇ? ಪ್ರಯೋಗಶಾಲೆಯ ಅಂಕಿಗೆ ಹೋಲಿಸಿದ ದಾಖಲೆಯನ್ನು ತೋರಿಸುತ್ತೀರಾ?

೩. ಪಟ್ಟಿ ಮತ್ತು ದ್ರಾವಣ ಒಂದೊಂದು ಸಲಕ್ಕೆ ಎಷ್ಟು ಖರ್ಚು? ಎರಡು ವರ್ಷದ ಮೇಲೂ ಅವು ಸಿಗುತ್ತವೆಯೇ?

೪. ಸರಿನೋಡುವ ಬಗೆ ಹೇಗೆ? ಅದಕ್ಕೆ ಬೇಕಾದ ದ್ರಾವಣ ಜೊತೆಯಲ್ಲಿದೆಯೇ?

೫. ಕೆಟ್ಟರೆ ರಿಪೇರಿ ಮಾಡುವವರು ಯಾರು, ಎಲ್ಲಿ?

ಇವಕ್ಕೆ ನೇರವಾದ ಉತ್ತರ ಕೊಡದವನಿಂದ ಏನನ್ನೂ ಕೊಳ್ಳಬೇಡಿ.

ಕೂಡಿ ಮಾಡಬೇಕಾದ ಕೆಲಸ

ಪ್ರತಿಯೊಬ್ಬರೂ ಒಂದೊಂದು ಯಂತ್ರ ಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ಎರಡು ಎಕರೆಯವನಿಗೆ ಅದು ದಂಡದ ಖರ್ಚು. ಊರಿನ ಸಹಕಾರ ಸಂಘ ಅಥವಾ ಸ್ತ್ರೀಶಕ್ತಿ ಸಂಘವು ಒಂದು ಒಳ್ಳೆಯ ಹುಳಿಯ ಮೀಟರನ್ನೂ ಸರಿನೋಡುವ ದ್ರಾವಣವನ್ನೂ ಇಟ್ಟುಕೊಳ್ಳಲಿ. ಓದಿದ ಇಬ್ಬರು ಯುವಕ ಯುವತಿಯರು ಅದರ ಬಳಕೆ ಕಲಿಯಲಿ. ಯಾವ ತೋಟ, ಯಾವ ಭಾಗ, ಯಾವ ತಾರೀಖು, ಎಷ್ಟು ಅಂಕಿ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ಒಂದು ವರ್ಷದ ಅಂಕಿ ಏನನ್ನೂ ಹೇಳದಿರಬಹುದು. ಐದು ವರ್ಷದ ಪುಸ್ತಕವು ಮಣ್ಣು ಯಾವ ಕಡೆಗೆ ಹೋಗುತ್ತಿದೆ ಎಂಬುದನ್ನು ಖಂಡಿತ ಹೇಳುತ್ತದೆ.

ಮೇಲಾಗಿ, ವರ್ಷಕ್ಕೊಮ್ಮೆ ಒಂದೇ ಮಾದರಿಯನ್ನು ಎರಡು ಪಾಲು ಮಾಡಿ. ಒಂದನ್ನು ಊರಿನ ಮೀಟರಿನಲ್ಲಿ ನೋಡಿ, ಇನ್ನೊಂದನ್ನು ಪ್ರಯೋಗಶಾಲೆಗೆ ಕಳುಹಿಸಿ. ಎರಡೂ ಹೊಂದಿದರೆ ಮೀಟರನ್ನು ನಂಬಿ; ಹೊಂದದಿದ್ದರೆ ಕಾರಣ ಹುಡುಕಿ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿಯೂ ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರದಲ್ಲಿಯೂ ಈ ವಿಷಯವಾಗಿ ವಿಚಾರಿಸಬಹುದು. ೨೦೧೫ರ ಫೆಬ್ರವರಿ ೧೯ರಂದು ಕೇಂದ್ರ ಸರ್ಕಾರ ಆರಂಭಿಸಿದ ಮಣ್ಣು ಆರೋಗ್ಯ ಚೀಟಿಯಲ್ಲಿ ಹನ್ನೆರಡು ಅಂಶಗಳನ್ನು ಬರೆದುಕೊಡುವ ಏರ್ಪಾಟಿದೆ. ಆ ಚೀಟಿ ಪಡೆದವರು ಅದನ್ನು ಪೆಟ್ಟಿಗೆಯ ತಳದಲ್ಲಿಡದೆ, ಓದಿಸಿಕೊಂಡು ಅರ್ಥ ತಿಳಿದುಕೊಳ್ಳಿ.

ಚಿಕ್ಕ ಪರೀಕ್ಷೆಗೂ ದೊಡ್ಡ ಪ್ರಯೋಗಶಾಲೆಗೂ ಜಗಳವಿಲ್ಲ. ಮೀಟರು ತೋಟದಲ್ಲಿ ಎಲ್ಲಿ ನೋಡಬೇಕೆಂದು ಬೆರಳು ತೋರಿಸುತ್ತದೆ, ಪ್ರಯೋಗಶಾಲೆ ಎಷ್ಟು ಹಾಕಬೇಕೆಂದು ಹೇಳುತ್ತದೆ, ಹಾಕುವವರು ನಾವು. ಈ ಮೂವರೂ ಕೂಡಿದರೆ ಸುಣ್ಣ ಬೇಕಾದ ಕಡೆ ಬೀಳುತ್ತದೆ, ಬೇಡದ ಗೊಬ್ಬರ ಕಾವೇರಿಗೆ ಹರಿಯುವುದಿಲ್ಲ, ಕೈಯಲ್ಲಿ ನಾಲ್ಕು ಕಾಸು ಉಳಿಯುತ್ತದೆ.

ಈ ಮುಂಗಾರು ಮುಗಿದು ಮಣ್ಣು ಹದಕ್ಕೆ ಬಂದ ಕೂಡಲೇ, ಮುಂದಿನ ಗೊಬ್ಬರ ಹಾಕುವುದಕ್ಕಿಂತ ಮೊದಲು, ಪ್ರತಿಯೊಬ್ಬರೂ ತಮ್ಮ ತೋಟದ ಒಂದು ಭಾಗದಿಂದಾದರೂ ಕ್ರಮವಾಗಿ ಮಾದರಿ ತೆಗೆಯಬೇಕೆಂದು ಕೇಳಿಕೊಳ್ಳುತ್ತೇನೆ. ಅದಕ್ಕೆ ಚಿಪ್ಪೂ ಬೇಡ, ಮೀಟರೂ ಬೇಡ. ಒಂದು ಗುದ್ದಲಿ, ಒಂದು ಹಾಳೆ, ಅರ್ಧ ದಿನದ ತಾಳ್ಮೆ ಇದ್ದರೆ ಸಾಕು.